ಕಕ್ಕಡದ ಮಳೆಯಲ್ಲಿ ಎರಡು ಬಿಲ್ಲೆ ಪು-ಎರ್ ಚಹಾ

ಕಾಫಿ ತೋಟದ ನಡುವೆ ಕುಳಿತು ಚೀನಾದ ಹಳೆಯ ಚಹಾಕ್ಕೆ ಹಣ ತೆರುವುದು ನಮ್ಮ ಮನೆಯವರ ಪಾಲಿಗೆ ಶುದ್ಧ ಹುಚ್ಚು. ಆದರೂ ಯುನ್ನಾನ್ ಪ್ರಾಂತ್ಯದ ಪು-ಎರ್ ಚಹಾದಲ್ಲಿ ಶೆಂಗ್ ಎಂಬ ಹಸಿಯ ಬಗೆಯದೊಂದು, ಶೂ ಎಂಬ ಮಾಗಿಸಿದ ಬಗೆಯದೊಂದು, ಹೀಗೆ 357 ಗ್ರಾಂ ತೂಕದ ಎರಡು ಬಿಲ್ಲೆಗಳನ್ನು ಆನ್‌ಲೈನಿನಲ್ಲಿ ತರಿಸಿ, ಮಡಿಕೇರಿಯ ಒಂದು ಮಳೆಗಾಲವಿಡೀ ಕುಡಿದು ನೋಡಿದೆ.

ಎರಡಕ್ಕೂ ಮೂಲ ಅಸ್ಸಾಂ ಚಹಾದ ಜಾತಿಗೇ ಸೇರಿದ ಗಿಡದ ದೊಡ್ಡ ಎಲೆ. ಅದನ್ನು ಬಾಣಲೆಯಲ್ಲಿ ಹುರಿದು, ಹೊಸೆದು, ಬಿಸಿಲಿಗೆ ಒಣಗಿಸಿ, ಹಬೆಯಲ್ಲಿ ಮೆತ್ತಗಾಗಿಸಿ ಒತ್ತಿದರೆ ಶೆಂಗ್; ಅದು ವರ್ಷಗಟ್ಟಲೆ ತಾನಾಗಿಯೇ ಮಾಗಬೇಕು. ಅಷ್ಟು ಕಾಯದೆ ಕುಡಿಯಲೆಂದು 1970ರ ದಶಕದಲ್ಲಿ ಯುನ್ನಾನಿನ ರಾಜಧಾನಿ ಕುನ್‌ಮಿಂಗಿನ ಕಾರ್ಖಾನೆಯಲ್ಲಿ ರೂಢಿಗೆ ತಂದ ಕ್ರಮದಲ್ಲಿ, ಒಣಗಿದ ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಮುಚ್ಚಿ, ಆಗಾಗ ಮಗುಚುತ್ತ ವಾರಗಟ್ಟಲೆ ಹುದುಗಿಸುತ್ತಾರೆ; ಅದೇ ಶೂ. ಗೊಬ್ಬರದ ರಾಶಿಯೊಳಗೆ ಕೈಯಿಟ್ಟು ಬಿಸಿ ನೋಡಿದ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶೂ ಬಿಲ್ಲೆ ನನಗೆ ಹಿಡಿಸಿತು. ಚೂರಿಯ ತುದಿಯಿಂದ ಐದು ಗ್ರಾಂನಷ್ಟು ಎಬ್ಬಿಸಿ, ಕುದಿನೀರು ಹೊಯ್ದು ಮೊದಲ ನೀರನ್ನು ಚೆಲ್ಲಿ, ಮತ್ತೆ ನೀರು ಹಾಕಿ ಅರೆ ನಿಮಿಷ ಬಿಟ್ಟರೆ ಡಿಕಾಕ್ಷನ್ನಿನಷ್ಟೇ ಕಪ್ಪಾದ ರಸ ಇಳಿಯುತ್ತದೆ. ಒದ್ದೆ ಮಣ್ಣಿನ, ಹಳೆಯ ಮರದ ವಾಸನೆ, ಒಗರಿಲ್ಲ, ನುಂಗಿದ ಮೇಲೆ ಗಂಟಲಲ್ಲಿ ತೆಳುವಾದ ಸಿಹಿ. ಬೆಲ್ಲದ ಕಾಫಿಯನ್ನೇ ಕುಡಿದು ಬೆಳೆದ ಅಮ್ಮ, "ಬೆಲ್ಲ ಹಾಕಿದ್ದೀಯಾ?" ಎಂದು ಕೇಳಿದರು. ಅದೇ ಎಲೆಗೆ ಆರು ಬಾರಿ ನೀರು ಹೊಯ್ದರೂ ರುಚಿ ಉಳಿದಿತ್ತು.

ಶೆಂಗ್ ವಿಷಯದಲ್ಲಿ ಮಾತ್ರ ಮೋಸ ಹೋದೆನೆಂದೇ ನನ್ನ ಭಾವನೆ. ಮಾರಿದವರು ಇಪ್ಪತ್ತು ವರ್ಷ ಹಳೆಯದೆಂದು ಬರೆದಿದ್ದರು. ಆದರೆ ಅಷ್ಟು ಮಾಗಿದ ಶೆಂಗ್‌ನಲ್ಲಿ ಬರಬೇಕಾದ ಕೆಂಗಂದು ಬಣ್ಣವಿಲ್ಲದೆ, ರಸ ಎಳೆಯ ಹಳದಿಯಾಗಿ, ನಾಲಗೆ ಒಣಗಿಸುವಷ್ಟು ಕಹಿಯಾಗಿತ್ತು. ಪತ್ರ ಬರೆದರೂ ಉತ್ತರ ಬರಲಿಲ್ಲ.

ಇಟ್ಟು ಮಾಗಿಸುತ್ತೇನೆಂದು ಅದನ್ನು ಕಾಫಿ, ಏಲಕ್ಕಿ ಡಬ್ಬಿಗಳ ಪಕ್ಕ ಕಪಾಟಿನಲ್ಲಿಟ್ಟದ್ದು ನನ್ನದೇ ತಪ್ಪು. ಈ ಚಹಾ ಮಾಗಲು ಸ್ವಲ್ಪ ತೇವ ಬೇಕು ನಿಜ, ಆದರೆ ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಚಪ್ಪಲಿಗೂ ಬೂಸ್ಟು ಹಿಡಿಯುವ ನಮ್ಮೂರಿನ ತೇವವಲ್ಲ. ತಿಂಗಳೊಳಗೆ ಕಾಗದದ ಹೊದಿಕೆಯ ಮೇಲೆ ಬಿಳಿ ಬೂಸ್ಟು ಬಂತು, ಎಲೆಗೆ ಏಲಕ್ಕಿಯ ವಾಸನೆ ಹತ್ತಿತು. ಮುಚ್ಚಳವಿದ್ದ ಭರಣಿಯಲ್ಲಿ ಬೇರೆಯಾಗಿಟ್ಟಿದ್ದ ಶೂ ಕೆಡಲಿಲ್ಲ. ಆದ್ದರಿಂದ ಇಲ್ಲಿನವರು ದೊಡ್ಡ ಬಿಲ್ಲೆ ಕೊಂಡು ಕೂಡಿಡುವ ಬದಲು, ತ್ವೋಚಾ ಎಂಬ ಬಟ್ಟಲಿನಾಕಾರದ 100 ಗ್ರಾಂನ ಶೂ ಒಂದನ್ನು ತರಿಸಿ, ಮುಂದಿನ ಮಳೆಗೆ ಮುನ್ನ ಕುಡಿದು ಮುಗಿಸುವುದು ಲೇಸು.