ಹೈಫಾದ ಬಹಾಯಿ ಉದ್ಯಾನ ಪ್ರವಾಸ: ತೋಟದ ಶಿಸ್ತು, ಮನೆತನದ ಬಹಿಷ್ಕಾರ

ಇಸ್ರೇಲಿನ ಹೈಫಾ ನಗರದಲ್ಲಿ ಕಾರ್ಮೆಲ್ ಬೆಟ್ಟವನ್ನು ನೆತ್ತಿಯಿಂದ ಬುಡದವರೆಗೆ ಆವರಿಸಿರುವ, 19ನೆಯ ಶತಮಾನದ ಇರಾನಿನಲ್ಲಿ ಬೇರುಬಿಟ್ಟ ಬಹಾಯಿ ಧರ್ಮದವರ ಉದ್ಯಾನಗಳನ್ನು ಮಾರ್ಗದರ್ಶಕರೊಂದಿಗೆ ನೋಡಲು ಶುಲ್ಕವಿಲ್ಲ. ಅನ್ಯಧರ್ಮೀಯರಿಂದ ತಮ್ಮ ಧರ್ಮಕಾರ್ಯಕ್ಕೆ ಬಹಾಯಿಗಳು ದೇಣಿಗೆಯನ್ನೂ ಸ್ವೀಕರಿಸದ ಕಾರಣ ಹುಂಡಿಯ ಮುಂದೆ ನಿಂತು ಜೇಬು ತಡಕುವ ಪ್ರಸಂಗವೂ ಬರುವುದಿಲ್ಲ. ಯೆಫೆ ನೋಫ್ ಬೀದಿಯ ಮೇಲ್ಬಾಗಿಲಿನಿಂದ ಹೊರಟು ಸುಮಾರು ಮುಕ್ಕಾಲು ಗಂಟೆ ಮೆಟ್ಟಿಲಿಳಿಯುವ ಈ ಪ್ರವಾಸದಲ್ಲಿ ಎದುರಿಗೆ ಹೈಫಾ ಕೊಲ್ಲಿಯೂ ಕೆಳಗೆ ಈ ಧರ್ಮದ ಮುನ್ಸೂಚಕರಾದ ಬಾಬ್ ಅವರ ಸಮಾಧಿಯ ಹೊನ್ನಿನ ಗುಮ್ಮಟವೂ ಕಾಣುತ್ತಿರುತ್ತವೆ. 2001ರಲ್ಲಿ ಪೂರ್ಣಗೊಂಡ ಈ 19 ಹಂತಗಳ ತೋಟವನ್ನು ರೂಪಿಸಿದ ಫರಿಬೋರ್ಜ್ ಸಹಬಾ ಅವರೇ ದೆಹಲಿಯ ಕಮಲ ಮಂದಿರದ ವಾಸ್ತುಶಿಲ್ಪಿಯೂ ಆದ್ದರಿಂದ, ಆ ಮಂದಿರವನ್ನು ನೋಡಿದವರಿಗೆ ಇಲ್ಲಿನ ಮೌನ, ನೀರು ಮತ್ತು ಅಳೆದು ಇಟ್ಟಂತಿರುವ ರೇಖೆಗಳು ಪರಿಚಿತವೆನಿಸುತ್ತವೆ. ನಿರ್ವಹಣೆಯಲ್ಲಿ ಕುಂದು ಹೇಳುವಂಥದ್ದೇನೂ ಇಲ್ಲ. ಮೆಟ್ಟಿಲುಗಳು ನೂರಾರಿವೆ, ಮಂಡಿನೋವಿರುವವರು ಮೇಲಿನ ಕಟ್ಟೆಯಿಂದಲೇ ನೋಡಿ ತೃಪ್ತರಾಗುವುದು ಒಳಿತು.

ಇಷ್ಟಾದರೆ ಸಾಮಾನ್ಯ ಪ್ರವಾಸಿಗೆ ಸಾಕು. ಆದರೆ ಮನುಕುಲವೆಲ್ಲ ಒಂದೇ ಎಂಬ ಉಪದೇಶವನ್ನು ಕಲ್ಲು ಮತ್ತು ಹಸುರಿನಲ್ಲಿ ಬರೆದಂತಿರುವ ಸ್ಥಳವನ್ನು ವಿಮರ್ಶಿಸುವಾಗ, ಆ ಉಪದೇಶವನ್ನು ಅದರ ಮುಖಂಡರು ಎಷ್ಟರಮಟ್ಟಿಗೆ ಬಾಳಿ ತೋರಿಸಿದರು ಎಂಬುದನ್ನೂ ಕೇಳಬೇಕಾಗುತ್ತದೆ. ಮುಕ್ಕಾಲು ಗಂಟೆಯ ಉದ್ಯಾನ ಪ್ರವಾಸದಿಂದ ಇದಕ್ಕೆ ಉತ್ತರ ನಿರೀಕ್ಷಿಸುವುದು ನ್ಯಾಯವಲ್ಲ. ಓದಿಕೊಂಡು ಹೋದವರಿಗೆ ಮಾತ್ರ ಆ ಪ್ರಶ್ನೆ ದಾರಿಯುದ್ದಕ್ಕೂ ಜೊತೆಗಿರುತ್ತದೆ.

ಧರ್ಮಸ್ಥಾಪಕ ಬಹಾವುಲ್ಲಾ ಅವರು ಎಲ್ಲ ಮತದವರೊಡನೆ ಸ್ನೇಹದಿಂದ ಬೆರೆಯಬೇಕೆಂದು ಬೋಧಿಸಿದ್ದರು. ಅವರ ಹಿರಿಯ ಮಗ ಅಬ್ದುಲ್ ಬಹಾ ಹೊರಗಿನವರ ವಿಷಯದಲ್ಲಿ ಈ ಮಾತನ್ನು ನಡೆಸಿಕೊಟ್ಟರು ಎಂಬುದರಲ್ಲಿ ಸಂದೇಹವಿಲ್ಲ. ಮೊದಲ ಮಹಾಯುದ್ಧದ ಬರಗಾಲದಲ್ಲಿ ತಾವು ಬೆಳೆಸಿದ ಧಾನ್ಯವನ್ನು ಹಂಚಿದ ಅವರಿಗೆ 1920ರಲ್ಲಿ ಬ್ರಿಟಿಷರು ಸರ್ ಪದವಿ ನೀಡಿದರು. 1921ರಲ್ಲಿ ಅವರು ತೀರಿಕೊಂಡಾಗ ಮುಸ್ಲಿಮರು, ಕ್ರೈಸ್ತರು, ಯಹೂದಿಗಳು, ದ್ರೂಜರು ಒಟ್ಟಾಗಿ ಶವಯಾತ್ರೆಯಲ್ಲಿ ನಡೆದರು. ಕನ್ನಡಿಗರಿಗೆ ಇಲ್ಲೊಂದು ನಂಟೂ ಇದೆ. ಅಬ್ದುಲ್ ಬಹಾ ಅವರ ಜೀವಕ್ಕೆ ತುರ್ಕರಿಂದ ಅಪಾಯವಿದೆಯೆಂಬ ಆತಂಕವಿದ್ದ ದಿನಗಳಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾವನ್ನು ಗೆದ್ದ ಕುದುರೆಪಡೆಗಳಲ್ಲಿ ಜೋಧಪುರದ ಪಡೆಯೊಡನೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು.

ಇದೇ ಅಬ್ದುಲ್ ಬಹಾ ತಮ್ಮ ಮಲತಮ್ಮ ಮಿರ್ಜಾ ಮುಹಮ್ಮದ್ ಅಲಿಯನ್ನು ಮಾತ್ರ ಕ್ಷಮಿಸಲಿಲ್ಲ. ಅಬ್ದುಲ್ ಬಹಾ ಅವರ ನಂತರ ಮುಹಮ್ಮದ್ ಅಲಿಗೆ ಸ್ಥಾನವೆಂದು ತಂದೆ ಸೂಚಿಸಿದ್ದರೂ, ಉತ್ತರಾಧಿಕಾರದ ಜಗಳ ಬೆಳೆದ ಮೇಲೆ ಅಬ್ದುಲ್ ಬಹಾ ತಮ್ಮ ಉಯಿಲಿನಲ್ಲಿ ಆತನನ್ನು ಒಡಂಬಡಿಕೆ (ನೇಮಿತ ಉತ್ತರಾಧಿಕಾರಿಗೆ ನಿಷ್ಠೆಯ ಕಟ್ಟಳೆ) ಮುರಿದವರ ಕೇಂದ್ರವೆಂದು ಖಂಡಿಸಿ, ಅಂಥವರಿಂದ ದೂರವಿರುವಂತೆ ವಿಧಿಸಿ, ಮಗಳ ಮಗನಾದ ಶೋಘಿ ಎಫೆಂದಿಯವರನ್ನು ಧರ್ಮದ ರಕ್ಷಕನೆಂದು, ಅಂದರೆ ಮುಂದಿನ ಮುಖಂಡನೆಂದು, ನೇಮಿಸಿದರು. ಇಂದು ನಾವು ಇಳಿಯುವ ತೋಟದ ನಡುಭಾಗ, ಅಂದರೆ ಸಮಾಧಿಯ ಸುತ್ತಲಿನ ಹಸುರು, ಮೊದಲು ಆಕಾರ ಪಡೆದದ್ದು ಈ ಶೋಘಿ ಎಫೆಂದಿಯವರ ಕೈಯಲ್ಲೇ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದು, ಅಜ್ಜನ ಮರಣದಿಂದಾಗಿ 24ನೆಯ ವಯಸ್ಸಿನಲ್ಲೇ ಈ ಹೊಣೆ ಹೊತ್ತ ಅವರು 1957ರಲ್ಲಿ ಲಂಡನ್ನಿನಲ್ಲಿ ತೀರಿಕೊಳ್ಳುವವರೆಗೆ ಜಮೀನು ಕೊಳ್ಳುತ್ತ, ಗಿಡ ನೆಡಿಸುತ್ತ, ಗುಮ್ಮಟ ಕಟ್ಟಿಸುತ್ತ ದುಡಿದರು. 1947ರಲ್ಲಿ ಪ್ಯಾಲೆಸ್ಟೈನಿನ ಭವಿಷ್ಯದ ಬಗ್ಗೆ ವಿಶ್ವಸಂಸ್ಥೆಯ ಸಮಿತಿ ಕೇಳಿದಾಗ, ತಮ್ಮ ಸಮುದಾಯ ಯಾವ ಪಕ್ಷವನ್ನೂ ವಹಿಸುವುದಿಲ್ಲವೆಂದೂ ಅಲ್ಲಿನ ಜನರ ನಡುವೆ ನ್ಯಾಯ ಮತ್ತು ಸೌಹಾರ್ದ ನೆಲೆಸಲೆಂಬುದೇ ತಮ್ಮ ಆಸೆಯೆಂದೂ ಅವರು ಉತ್ತರಿಸಿದ್ದರು.

ಅದೇ ದಶಕದಲ್ಲಿ, ಅದೇ ಊರಿನಿಂದ, ಲೋಕದಾದ್ಯಂತದ ಬಹಾಯಿಗಳಿಗೆ ಬೇರೆ ಬಗೆಯ ತಂತಿಗಳೂ ಹೋಗುತ್ತಿದ್ದವು. ಒಡಹುಟ್ಟಿದವರು, ಚಿಕ್ಕಮ್ಮಂದಿರ ಮಕ್ಕಳು, ಒಂದು ಕಾಲಕ್ಕೆ ತಮಗೆ ಕಾರ್ಯದರ್ಶಿಯಾಗಿದ್ದ ರೂಹಿ ಅಫ್ನಾನ್ ಹೀಗೆ ಒಬ್ಬೊಬ್ಬರನ್ನೂ ಶೋಘಿ ಎಫೆಂದಿ ಬಹಿಷ್ಕರಿಸಿದರು. ಕೊನೆಗೆ ಅಬ್ದುಲ್ ಬಹಾ ಅವರ ಮೊಮ್ಮಕ್ಕಳಲ್ಲಿ ಬದುಕಿದ್ದವರ ಪೈಕಿ ಒಳಗೆ ಉಳಿದವರು ಹೆಚ್ಚುಕಡಿಮೆ ಅವರೊಬ್ಬರೇ. ಈ ಬಹಿಷ್ಕಾರದ ಸ್ವರೂಪವನ್ನು ಸರಿಯಾಗಿ ತಿಳಿಯಬೇಕು. ಧರ್ಮವನ್ನು ಬಿಟ್ಟುಹೋದವನಿಗೆ ಅದು ಅನ್ವಯಿಸುವುದಿಲ್ಲ, ಬೇರೆ ಮತದವನಿಗಂತೂ ಇಲ್ಲವೇ ಇಲ್ಲ; ತಾನು ಬಹಾಯಿಯೆಂದು ಹೇಳಿಕೊಳ್ಳುತ್ತಲೇ ಮುಖಂಡನ ಅಧಿಕಾರವನ್ನು ಎದುರಿಸಿದವನಿಗೆ ಮಾತ್ರ ಅದು ತಗಲುತ್ತದೆ. ಸೆರೆಮನೆಯಿಲ್ಲ, ಹೊಡೆತವಿಲ್ಲ, ಮಾತುಕತೆಯಿಲ್ಲ ಅಷ್ಟೆ. ನೂರಾರು ಪಂಗಡಗಳಾಗಿ ಒಡೆದ ಹಳೆಯ ಮತಗಳ ಗತಿ ತಮಗೆ ಬರಬಾರದೆಂಬ ಭಯ ಇದರ ಹಿಂದಿದೆ, ಮತ್ತು ಆ ಭಯ ನಿರಾಧಾರವಾದದ್ದಲ್ಲ. ನಂಬುವವರ ದೃಷ್ಟಿಯಲ್ಲಿ ಶೋಘಿ ಎಫೆಂದಿ ಅಜ್ಜನ ಆಜ್ಞೆಯನ್ನು ಪಾಲಿಸಲು ಸ್ವಂತ ರಕ್ತಸಂಬಂಧವನ್ನೇ ತ್ಯಾಗ ಮಾಡಿದವರು.

ಈ ಸಮರ್ಥನೆಯನ್ನು ನಾನು ಅರ್ಧದಷ್ಟೇ ಒಪ್ಪಬಲ್ಲೆ. ಎದುರು ಪೀಠ ಹೂಡಿದವನನ್ನು ಹೊರಗಿಡುವುದು ಯಾವ ಸಂಸ್ಥೆಗೂ ಸಹಜ. ಆದರೆ ಇಲ್ಲಿನ ಹಲವು ಪ್ರಕರಣಗಳಲ್ಲಿ ಆರೋಪದ ತಿರುಳು ಮದುವೆಯಾಗಿತ್ತು: ಹಿಂದೆಯೇ ಬಹಿಷ್ಕೃತವಾಗಿದ್ದ ಬಂಧುಗಳ ಶಾಖೆಯಲ್ಲಿ ಅಕ್ಕತಂಗಿಯರು ಸಂಬಂಧ ಬೆಳೆಸಿದರೆಂಬುದು, ಇಲ್ಲವೇ ಅಂಥವರೊಡನೆ ಒಡನಾಟ ಬಿಡಲಿಲ್ಲವೆಂಬುದು. ಅಪರಾಧ ಹೀಗೆ ಮನೆಯಿಂದ ಮನೆಗೆ ಅಂಟುವುದಾದರೆ, ಅಧಿಕಾರವನ್ನು ಪ್ರಶ್ನಿಸಿದವರಿಗಷ್ಟೇ ಈ ನಿಯಮ ಎಂಬ ಮಾತು ಸಡಿಲವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಕುಲದಿಂದ ಹೊರಹಾಕಿದವರ ಮನೆಯಲ್ಲಿ ನೀರು ಕುಡಿದವರಿಗೂ ದಂಡ ಹಾಕುತ್ತಿದ್ದ ಪಂಚಾಯಿತಿಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಪರಿಚಿತ ಅರಬ್ ಮತ್ತು ಯಹೂದಿಯ ನಡುವೆ ಸೌಹಾರ್ದ ಬಯಸಿದ ವ್ಯಕ್ತಿಗೆ ಸ್ವಂತ ತಂಗಿಯ ಗಂಡನೊಡನೆ ಅದು ಸಾಧ್ಯವಾಗಲಿಲ್ಲ ಎಂಬುದನ್ನು ಸಹನೆಯ ಆದರ್ಶದ ಪಾಲನೆಯೆಂದು ನಾನು ಕರೆಯಲಾರೆ. ಅದು ಸಂಸ್ಥೆಯ ಏಕತೆಯ ಪಾಲನೆ. ಅದರಲ್ಲಿ ಅವರು ಗೆದ್ದರು.

ಗೆಲುವಿನ ಗುರುತನ್ನು ಕಾಣಬೇಕಾದರೆ ಕೊಲ್ಲಿಯಾಚೆಯ ಅಕ್ಕಾ ಪಟ್ಟಣದ ಬಳಿಯ ಬಹ್ಜಿಗೂ ಹೋಗಬೇಕು. ಬಹಾವುಲ್ಲಾ ಅವರ ಸಮಾಧಿಯಿರುವ ಈ ಸ್ಥಳದ ಮಹಲು ದಶಕಗಳ ಕಾಲ ಮುಹಮ್ಮದ್ ಅಲಿಯ ಕಡೆಯವರ ವಶದಲ್ಲಿತ್ತು. ಪಾಳುಬಿದ್ದಿದ್ದ ಅದನ್ನು ಅವರು ತೆರವು ಮಾಡಿದ ಮೇಲೆ ಶೋಘಿ ಎಫೆಂದಿ ದುರಸ್ತಿ ಮಾಡಿಸಿದರು. ಸುತ್ತಮುತ್ತ ಉಳಿದಿದ್ದ ಮುಹಮ್ಮದ್ ಅಲಿಯ ಕಡೆಯವರ ಆಸ್ತಿಯನ್ನು 1957ರಲ್ಲಿ ಇಸ್ರೇಲ್ ಸರ್ಕಾರ ಸ್ವಾಧೀನಪಡಿಸಿಕೊಂಡಿತು, ಅದರ ವಿರುದ್ಧದ ಮೊರೆಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು, ಕಟ್ಟಡಗಳು ನೆಲಸಮವಾದವು. ಇಂದು ಅಲ್ಲಿರುವುದು ಅಚ್ಚುಕಟ್ಟಾದ ತೋಟ. ನನ್ನ ಮಟ್ಟಿಗೆ ಹೈಫಾಕ್ಕಿಂತ ಬಹ್ಜಿಯೇ ಹೆಚ್ಚು ಶಾಂತವೂ ಹೆಚ್ಚು ಚಿಂತೆಗೆ ಹಚ್ಚುವಂಥದ್ದೂ ಆದ ಸ್ಥಳ.

ಅಲ್ಲಿನ ಪರಿಸ್ಥಿತಿ ಮತ್ತು ಪ್ರಯಾಣದ ಸುರಕ್ಷತೆಯನ್ನು ಮೊದಲೇ ವಿಚಾರಿಸಿಕೊಂಡು ಹೊರಡಿ. ಭುಜ ಮತ್ತು ಮಂಡಿ ಮುಚ್ಚುವ ಉಡುಪು ಕಡ್ಡಾಯ. ಉದ್ಯಾನಗಳು ಸಂಜೆಯವರೆಗೆ ತೆರೆದಿದ್ದರೂ ಸಮಾಧಿಗಳ ಒಳಕ್ಕೆ ಪ್ರವೇಶವಿರುವುದು ಮಧ್ಯಾಹ್ನದವರೆಗೆ ಮಾತ್ರ. ಒಂದೇ ದಿನದಲ್ಲಿ ಎರಡೂ ಕಡೆ ಒಳಗೆ ಹೋಗಬೇಕೆಂದಿರುವವರು ಬೆಳಗ್ಗೆ ಬಹ್ಜಿಯಿಂದ ಆರಂಭಿಸಿದರೂ ಹೈಫಾದ ಸಮಾಧಿಯನ್ನು ಸಮಯಕ್ಕೆ ಮುಟ್ಟುವುದು ಕಷ್ಟ, ಆದ್ದರಿಂದ ಎರಡು ದಿನ ಇಟ್ಟುಕೊಳ್ಳಿ.