ನಾಲ್ಕು ವರ್ಷದ ಸೆಫ್: ಮೂರೇ ಸರ್ವರ್ ಇದ್ದರೆ ಜಾಗ ಬಿಟ್ಟಿಡಿ

ನಾನು ಬೆಂಗಳೂರಿನ ಒಂದು ಸಣ್ಣ ವಿಡಿಯೊ ಎಡಿಟಿಂಗ್ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ನಾಲ್ಕು ವರ್ಷದಿಂದ ನಮ್ಮ ಫೂಟೇಜ್ ಎಲ್ಲಾ ಸೆಫ್ ಮೇಲಿದೆ, ಅಂದರೆ ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಸೇರಿಸಿ ಒಂದೇ ದೊಡ್ಡ ಸ್ಟೋರೇಜ್ ಮಾಡುವ ಸಾಫ್ಟ್‌ವೇರ್ ಮೇಲೆ. ಶುರುವಿನಲ್ಲಿ ಮೂರು ಸರ್ವರ್, ಒಂದೊಂದರಲ್ಲಿ 4 ಟಿಬಿಯ ನಾಲ್ಕು ಡಿಸ್ಕ್. ಒಟ್ಟು 48 ಟಿಬಿ ಆದರೂ, ಎಲ್ಲದಕ್ಕೂ ಮೂರು ಕಾಪಿ ಇಡುವುದರಿಂದ ಕೈಗೆ ಸಿಗುತ್ತಿದ್ದದ್ದು 16. ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಿಲ್ಲ. ನಮ್ಮ ಬಜೆಟ್‌ಗೆ ಅದೇ ದೊಡ್ಡ ವಿಷಯ.

ದಿನಾ ಬೆಳಿಗ್ಗೆ ಎಡಿಟರ್‌ಗಳು ಬರುವ ಮುಂಚೆ ಕಾಫಿ ಲೋಟ ಪಕ್ಕಕ್ಕಿಟ್ಟು ಸ್ಥಿತಿ ತೋರಿಸುವ 'ಸೆಫ್ -ಎಸ್' ಕಮಾಂಡ್ ಹೊಡೆಯುತ್ತೇನೆ. 'ಹೆಲ್ತ್ ಓಕೆ' ಅಂತ ಬಂದರೆ ಮಾತ್ರ ಮೊದಲ ಗುಟುಕು.

ಎರಡನೇ ವರ್ಷದಲ್ಲಿ ಒಂದು ಬೆಳಿಗ್ಗೆ ಅದು ಬರಲಿಲ್ಲ. ರಾತ್ರಿ ಎರಡನೇ ಸರ್ವರ್‌ನ ಒಂದು ಡಿಸ್ಕ್ ಸತ್ತಿತ್ತು. 10 ನಿಮಿಷ ಕಾದು, ಅದು ವಾಪಸ್ ಬರದಿದ್ದಾಗ ಸೆಫ್ ತಾನಾಗೇ ರಿಪೇರಿ ಶುರು ಮಾಡಿತ್ತು. ಒಂದು ಫೈಲೂ ಹೋಗಿರಲಿಲ್ಲ. ಆದರೆ ಪರದೆ ಮೇಲೆ 'ನಿಯರ್‌ಫುಲ್' ಎಚ್ಚರಿಕೆ, ಅಂದರೆ ಡಿಸ್ಕ್ ತುಂಬುತ್ತಾ ಬಂದಿದೆ ಅಂತ. ಒಟ್ಟು ಬಳಕೆ 60%ಗಿಂತ ಕಡಿಮೆ ಇದ್ದಾಗ ಒಂದು ಡಿಸ್ಕ್ ಮಾತ್ರ 87% ತುಂಬಿದ್ದು ಹೇಗೆ?

ಇದು ಅರ್ಥವಾಗಲು ನನಗೆ ಎರಡು ದಿನ ಹಿಡಿಯಿತು. ಒಂದೊಂದು ಕಾಪಿ ಒಂದೊಂದು ಸರ್ವರ್‌ನಲ್ಲಿ ಇರಬೇಕು ಅನ್ನುವುದು ನಿಯಮ. ಇರುವುದೇ ಮೂರು ಸರ್ವರ್. ಹಾಗಾಗಿ ಸತ್ತ ಡಿಸ್ಕ್‌ನ ಡೇಟಾ ಬೇರೆ ಸರ್ವರ್‌ಗೆ ಹೋಗುವಂತಿಲ್ಲ, ಅದೇ ಸರ್ವರ್‌ನ ಉಳಿದ ಮೂರು ಡಿಸ್ಕ್‌ಗಳೇ ಹೊರಬೇಕು. ಮೇಲಾಗಿ ಹಂಚಿಕೆಯೂ ಸಮ ಇರಲಿಲ್ಲ. ಯಾವ ಡೇಟಾ ಎಲ್ಲಿಗೆ ಅಂತ ಸೆಫ್‌ನೊಳಗಿನ ಕ್ರಷ್ ಅನ್ನುವ ಸೂತ್ರ ಲೆಕ್ಕ ಹಾಕುತ್ತದೆ. ಅದು ಚೀಟಿ ಎತ್ತಿದ ಹಾಗೆ: ಸಾವಿರಾರು ಡಿಸ್ಕ್‌ಗಳ ನಡುವೆ ಒಂದೆರಡು ಜಾಸ್ತಿ ತುಂಬಿದರೆ ಬೇರೆ ಕಡೆ ಜಾಗ ಇರುತ್ತದೆ, ನಾಲ್ಕರ ನಡುವೆ ಎಲ್ಲಿ ಇರುತ್ತದೆ? ನಮ್ಮಲ್ಲಿ ಮೊದಲೇ ಒಂದು 54%, ಇನ್ನೊಂದು 66% ಇತ್ತು. ಡಿಸ್ಕ್ ಒಂದು 95% ದಾಟಿದರೆ ಬರೆಯುವುದೇ ನಿಂತುಹೋಗುತ್ತದೆ. ಆ ವಾರ ನನಗೆ ನಿದ್ದೆ ಇಲ್ಲ.

ಬಾಸ್ ಹತ್ತಿರ ಕೇಳಿ ನಾಲ್ಕನೇ ಸರ್ವರ್ ತಂದೆ. ಸೆಫ್ ಮೇಲಿನ ನನ್ನ ಸಿಟ್ಟು ಇಳಿದಿದ್ದು ಆಗಲೇ. ಹಳೇ ಕಾಲದ ಹಾಗೆ 'ಡೇಟಾದ ನಂಬರನ್ನು ಸರ್ವರ್ ಸಂಖ್ಯೆಯಾದ ಮೂರರಿಂದ ಭಾಗಿಸಿ, ಶೇಷ ನೋಡಿ ಸರ್ವರ್ ಆರಿಸು' ಅಂತ ಹಂಚಿದ್ದರೆ, ಮೂರು ನಾಲ್ಕಾದ ಕೂಡಲೇ ಮುಕ್ಕಾಲು ಪಾಲು ಡೇಟಾ ಜಾಗ ಬದಲಿಸಬೇಕಿತ್ತು. ಇಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಮಾತ್ರ ಹೊರಟಿತು, ಅದೂ ಹೊಸ ಸರ್ವರ್ ಕಡೆಗೆ. ಯಾವ ಫೈಲ್ ಎಲ್ಲಿದೆ ಅಂತ ಬರೆದಿಡುವ ದೊಡ್ಡ ಪಟ್ಟಿಯೂ ಇಲ್ಲ. ಡಿಸ್ಕ್‌ಗಳ ನಕ್ಷೆ ಕೈಯಲ್ಲಿದ್ದರೆ ಡೇಟಾ ಕೇಳುವ ಯಾವ ಕಂಪ್ಯೂಟರ್ ಬೇಕಾದರೂ ತಾನೇ ಲೆಕ್ಕ ಹಾಕಿ ಹುಡುಕಿಕೊಳ್ಳುತ್ತದೆ. ಸೆಫ್ ಕಟ್ಟಿದ ಸೇಜ್ ವೈಲ್ ಮತ್ತು ಜೊತೆಗಾರರು ಇದನ್ನು 2006ರಲ್ಲೇ ಅಮೆರಿಕದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ಯೋಚಿಸಿದ್ದರು. ಎಡಿಟರ್‌ಗಳು ಕೆಲಸ ಮಾಡುತ್ತಲೇ ಇದ್ದರು, ಡೇಟಾ ಹೋಗುತ್ತಲೇ ಇತ್ತು. ಪರದೆ ಮೇಲೆ 'ಮಿಸ್‌ಪ್ಲೇಸ್ಡ್' ಶೇಕಡಾ ಇಳಿಯುವುದನ್ನು ಗಂಟೆಗೊಮ್ಮೆ ನೋಡುತ್ತಿದ್ದೆ. ಆ ಪದ ನೋಡಿ ಹೆದರಬೇಡಿ. ಕಾಪಿಗಳೆಲ್ಲಾ ಇವೆ, ಜಾಗ ಮಾತ್ರ ಬದಲಾಗಬೇಕು ಅಂತ ಅರ್ಥ. ಹೆದರಬೇಕಾದ್ದು 'ಡಿಗ್ರೇಡೆಡ್' ಬಂದಾಗ, ಅಲ್ಲಿ ಕಾಪಿಯೇ ಕಡಿಮೆ.

ಆಮೇಲೆ ಡಿಸ್ಕ್‌ಗಳ ನಡುವೆ ಡೇಟಾ ಸಮ ಮಾಡುವ ಸೆಫ್‌ನ ಬ್ಯಾಲೆನ್ಸರ್ ಅನ್ನು 'ಅಪ್‌ಮ್ಯಾಪ್' ಅನ್ನುವ ವಿಧಾನಕ್ಕೆ ಹಾಕಿದೆ. ಕ್ರಷ್ ಲೆಕ್ಕ ಪಕ್ಕಕ್ಕಿಟ್ಟು ಕೆಲವನ್ನು ಮಾತ್ರ ಕೈಯಾರೆ ಸರಿಸಿಟ್ಟ ಹಾಗೆ ಅದು. ಈಗ ಡಿಸ್ಕ್‌ಗಳ ನಡುವಿನ ವ್ಯತ್ಯಾಸ 2% ದಾಟುವುದಿಲ್ಲ. ಮೊದಲ ದಿನವೇ ನೋಡಿಕೊಳ್ಳಬೇಕಿತ್ತು.

ನಿಮ್ಮದು ಐದಾರು ಟಿಬಿ ಅಷ್ಟೇ ಆದರೆ ಇದು ಬೇಡ, ಒಂದು ಒಳ್ಳೆ ನ್ಯಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಮತ್ತು ಬ್ಯಾಕಪ್ ಸಾಕು. ವರ್ಷ ವರ್ಷ ಡೇಟಾ ಬೆಳೆಯುತ್ತದೆ ಅಂದರೆ ನಾಲ್ಕು ಸರ್ವರ್‌ಗೆ ದುಡ್ಡು ಕೂಡಿಸಿಕೊಂಡೇ ಶುರು ಮಾಡಿ. ಮೂರೇ ಸಾಧ್ಯ ಅನ್ನುವುದಾದರೆ 55% ದಾಟಲು ಬಿಡಬೇಡಿ. ಐದನೇ ಸರ್ವರ್‌ಗೆ ನಾನು ಈಗಾಗಲೇ ಕೊಟೇಶನ್ ಕೇಳಿದ್ದೇನೆ.