ಕೊನೆಯ ಗವರ್ನರರ ಜಾಡಿನಲ್ಲಿ ಅರ್ಧ ದಿನ: ಹಾಂಗ್‌ಕಾಂಗ್‌ನ ಒಂದು ನಡಿಗೆ

ಹಾಂಗ್‌ಕಾಂಗ್‌ನ ಸೆಂಟ್ರಲ್ ಪ್ರದೇಶದಲ್ಲಿ ಬ್ರಿಟಿಷ್ ಆಳ್ವಿಕೆಯ ಕೊನೆಯ ವರ್ಷಗಳನ್ನು ಪರಿಚಯಿಸುವ ಅರ್ಧ ದಿನದ ನಡಿಗೆಯೊಂದಕ್ಕೆ ಹೋಗಿದ್ದೆ. ಮಾರ್ಗದರ್ಶಿಯ ಮಾತುಗಾರಿಕೆಗೆ ಪೂರ್ಣ ಅಂಕ ಕೊಡಬಹುದು; ಅವರು ಹೇಳಿದ ಕಥೆಗೆ ಅರ್ಧ ಅಂಕವೇ ಹೆಚ್ಚು.

ನಡಿಗೆಯ ಸೊಗಸೆಲ್ಲ ಇರುವುದು ಅಪ್ಪರ್ ಆಲ್ಬರ್ಟ್ ರಸ್ತೆಯಲ್ಲಿ, ಬ್ರಿಟಿಷ್ ಗವರ್ನರರ ನಿವಾಸವಾಗಿದ್ದ ಗವರ್ನಮೆಂಟ್ ಹೌಸ್ ಎದುರಿನಲ್ಲಿ. ನಮ್ಮನ್ನು ಗೇಟಿನ ಹೊರಗೇ ನಿಲ್ಲಿಸಿಕೊಂಡು, 1855ರಲ್ಲಿ ಕಟ್ಟಿ ಮುಗಿಸಿದ ಆ ಬಂಗಲೆಯ ಗೋಪುರ ಎರಡನೆಯ ಮಹಾಯುದ್ಧದ ಕಾಲದಲ್ಲಿ ಊರನ್ನು ವಶಪಡಿಸಿಕೊಂಡಿದ್ದ ಜಪಾನೀಯರದ್ದೆಂದೂ, ಮರಳಿ ಬಂದ ಬ್ರಿಟಿಷರು ಅದನ್ನು ಕೆಡವದೆ ಅದರ ನೆರಳಲ್ಲೇ ಅರ್ಧ ಶತಮಾನ ಆಳಿದರೆಂದೂ ಅವರು ವಿವರಿಸಿದ ರೀತಿ ಚೆನ್ನಾಗಿತ್ತು. 1997ರ ಜೂನ್ 30ರಂದು ಇದೇ ಅಂಗಳದಲ್ಲಿ ಇಳಿಸಿ ಮಡಿಸಿದ ಬ್ರಿಟಿಷ್ ಧ್ವಜವನ್ನು ಕೊನೆಯ ಗವರ್ನರ್ ಕ್ರಿಸ್ ಪ್ಯಾಟನ್ ತಲೆತಗ್ಗಿಸಿ ಸ್ವೀಕರಿಸಿದ್ದನ್ನು ಹೇಳುವಾಗ ನಮ್ಮ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ.

ತೊಡಕಿರುವುದೂ ಅಲ್ಲೇ. ಮುಂದಿನ ಎರಡು ಗಂಟೆ ಬರೀ ಪ್ಯಾಟನ್ ಪುರಾಣ: ಗವರ್ನರರು ಧರಿಸುತ್ತಿದ್ದ ಗರಿಯ ಟೋಪಿಯನ್ನು ಒಲ್ಲೆನೆಂದದ್ದು, ಎಗ್ ಟಾರ್ಟ್ ಎಂಬ ಸಿಹಿತಿಂಡಿಯ ಮೇಲಿನ ಆಸೆ, ವಿಸ್ಕಿ ಮತ್ತು ಸೋಡಾ ಎಂಬ ನಾಯಿಗಳು, ಚುನಾವಣಾ ಸುಧಾರಣೆಗೆ ಕೈಹಾಕಿದ್ದಕ್ಕಾಗಿ ಬೀಜಿಂಗ್‌ನ ಅಧಿಕಾರಿ ಲು ಪಿಂಗ್‌ರಿಂದ ‘ಸಾವಿರ ವರ್ಷದ ಪಾಪಿ’ ಎನ್ನಿಸಿಕೊಂಡದ್ದು. ರಂಜನೆಗೆ ಕೊರತೆಯಿಲ್ಲ, ಒಪ್ಪುತ್ತೇನೆ. ಆದರೆ 1992ರಲ್ಲಿ ಅವರು ಬಂದಿಳಿಯುವ ಹೊತ್ತಿಗೆ ಹಾಂಗ್‌ಕಾಂಗನ್ನು ಚೀನಾಕ್ಕೆ ಹಸ್ತಾಂತರಿಸುವ ದಿನ ಗೊತ್ತಾಗಿ ಏಳು ವರ್ಷ ಕಳೆದಿತ್ತು. ಅವರಿಗಿಂತ ಮುಂಚಿನ ಗವರ್ನರರು ಮೂವರು: ಬ್ರಿಟನ್ ಚೀನಾದಿಂದ ಗುತ್ತಿಗೆಗೆ ಪಡೆದಿದ್ದ ನ್ಯೂ ಟೆರಿಟರೀಸ್ ಪ್ರದೇಶದ ಗುತ್ತಿಗೆಯ ವಿಷಯ ಎತ್ತಲು 1979ರಲ್ಲಿ ಬೀಜಿಂಗ್‌ಗೆ ಹೋದ ಮರ‍್ರೆ ಮೆಕ್‌ಲಿಹೋಸ್, ಹಸ್ತಾಂತರ ಕುರಿತ ಬ್ರಿಟನ್-ಚೀನಾಗಳ 1984ರ ಜಂಟಿ ಘೋಷಣೆಗೆ ಮುಂಚಿನ ಮಾತುಕತೆಗಳಲ್ಲಿ ಹೆಣಗಿದ ಎಡ್ವರ್ಡ್ ಯೂಡ್, ಬೀಜಿಂಗ್‌ನಲ್ಲಿ ಪ್ರತಿಭಟನಕಾರರನ್ನು ಸೇನೆ ಹತ್ತಿಕ್ಕಿದ ತಿಯಾನನ್‌ಮೆನ್ ಘಟನೆಯಿಂದ ಜನ ಕಂಗೆಟ್ಟಿದ್ದ 1989ರಲ್ಲೇ ಹೊಸ ವಿಮಾನ ನಿಲ್ದಾಣದ ಬೃಹತ್ ಯೋಜನೆ ಘೋಷಿಸಿದ ಡೇವಿಡ್ ವಿಲ್ಸನ್, ಈ ಮೂವರನ್ನೂ ಮಾರ್ಗದರ್ಶಿ ಮೆಟ್ಟಿಲು ಹತ್ತುತ್ತಲೇ ಮುಗಿಸಿಬಿಟ್ಟರು. ಕೇಳಿದರೆ, ಬರುವವರಿಗೆಲ್ಲ ಪ್ಯಾಟನ್ನೇ ಬೇಕು ಎಂಬ ಉತ್ತರ ಬಂತು.

ಗುಂಪು ಚಿಕ್ಕದು, ಸಮಯಪಾಲನೆ ಸರಿಯಾಗಿದೆ, ಏರುದಾರಿಯಿರುವುದರಿಂದ ಒಳ್ಳೆಯ ಚಪ್ಪಲಿ ಅಗತ್ಯ. ನಡಿಗೆ ಮುಗಿದ ಮೇಲೆ ನಾನೊಬ್ಬನೇ ಹಾಂಗ್‌ಕಾಂಗ್ ಪಾರ್ಕಿಗೆ ಹೋದೆ. ಅಲ್ಲೊಂದು ದೊಡ್ಡ ಬಲೆಯ ಪಕ್ಷಿಧಾಮವಿದೆ. 1986ರ ಡಿಸೆಂಬರಿನಲ್ಲಿ, ಅಧಿಕಾರದಲ್ಲಿದ್ದಾಗಲೇ ಬೀಜಿಂಗ್‌ನಲ್ಲಿ ತೀರಿಕೊಂಡ, ಹಕ್ಕಿಗಳೆಂದರೆ ಪ್ರಾಣವಾಗಿದ್ದ ಯೂಡ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ನಮ್ಮ ನಡಿಗೆಯ ನಕಾಶೆಯಲ್ಲಿ ಅದು ಇರಲಿಲ್ಲ.